ಸಣ್ಣ ಪಿಂಚಣಿಗೆ ಯಾವ ಊರು: ತುಮಕೂರೋ, ಗುಬ್ಬಿಯೋ, ಕುಣಿಗಲ್ಲೋ?

ಪೀಣ್ಯ, ದಾಸರಹಳ್ಳಿ, ಲಗ್ಗೆರೆ, ಸುಂಕದಕಟ್ಟೆಯ ಬಾಡಿಗೆ ಮನೆಗಳಲ್ಲಿ ಮೂವತ್ತು ವರ್ಷ ಬದುಕಿದವರಿಗೆ ಅರವತ್ತಾಗುತ್ತಲೇ ಒಂದು ಪ್ರಶ್ನೆ ಕಾಡತೊಡಗುತ್ತದೆ: ಇನ್ನು ಬೆಂಗಳೂರಿನಲ್ಲಿ ಯಾಕಿರಬೇಕು? ಕಾರ್ಖಾನೆಯ ಶಿಫ್ಟ್ ಮುಗಿದಿದೆ, ಮಕ್ಕಳ ಓದೂ ಮುಗಿದಿದೆ. ಕೈಯಲ್ಲಿ ಉಳಿದಿರುವುದು ಸಣ್ಣ ಪಿಂಚಣಿ, ಪಿಎಫ್ ಮತ್ತು ಗ್ರಾಚ್ಯುಯಿಟಿಯ ಒಂದು ಗಂಟು. ಬಾಡಿಗೆ ಮಾತ್ರ ವರ್ಷ ವರ್ಷ ಏರುತ್ತಲೇ ಇದೆ. ಇವರಲ್ಲಿ ಅನೇಕರು ತುಮಕೂರು ಸೀಮೆಯಿಂದಲೇ ಹೋದವರು. ಹಾಗಾಗಿ ಕಣ್ಣು ಮೊದಲು ಹೊರಳುವುದು ತುಮಕೂರು ನಗರ, ಗುಬ್ಬಿ, ಕುಣಿಗಲ್ ಕಡೆಗೆ. ಕಂದಾಯ ಇಲಾಖೆಯ ತುಮಕೂರು ಉಪವಿಭಾಗ ಎಂದರೆ ಈ ಮೂರೇ ತಾಲ್ಲೂಕು. ಮೂರೂ ಊರಿಂದ ಬೆಂಗಳೂರಿಗೆ ಎರಡು ಎರಡೂವರೆ ಗಂಟೆಯಲ್ಲಿ ಮುಟ್ಟಬಹುದು.

ಇಂಥ ಲೆಕ್ಕ ಹಾಕುವವರು ನಾವು ಮಾತ್ರವಲ್ಲ. ಇಂಗ್ಲೆಂಡಿನ ನಿವೃತ್ತರು ಸ್ಪೇನ್‌ಗೆ, ಅಮೆರಿಕದವರು ಮೆಕ್ಸಿಕೊಗೆ, ಯುರೋಪಿನವರು ಥಾಯ್ಲೆಂಡಿಗೆ ಹೋಗಿ ನೆಲೆಸುವುದೂ ಇದ್ದ ದುಡ್ಡು ಹೆಚ್ಚು ದಿನ ಬಾಳಲಿ ಎಂದೇ. ಥಾಯ್ಲೆಂಡ್ ಐವತ್ತು ದಾಟಿದವರಿಗೆ ಕೊಡುವ ನಿವೃತ್ತಿ ವೀಸಾಕ್ಕೆ ತಿಂಗಳಿಗೆ 65,000 ಬಾತ್ ಆದಾಯ, ಇಲ್ಲವೇ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಟ್ಟು ತೋರಿಸಬೇಕು. ನಮ್ಮ ಕಾರ್ಮಿಕ ಪಿಂಚಣಿದಾರರಿಗೆ ಆ ದಾರಿ ತೆರೆದಿಲ್ಲ. ಆದರೂ ಹಾಗೆ ವಿದೇಶಕ್ಕೆ ಹೋದವರ ಅನುಭವದಿಂದ ಕಲಿಯುವುದು ಎರಡಿದೆ. ಕೆನಡಾ, ಆಸ್ಟ್ರೇಲಿಯಾಕ್ಕೆ ಹೋದ ಬ್ರಿಟಿಷರ ಸರ್ಕಾರಿ ಪಿಂಚಣಿ ಹೋದಾಗ ಎಷ್ಟಿತ್ತೋ ಅಷ್ಟಕ್ಕೇ ನಿಂತುಬಿಡುತ್ತದೆ. ಸ್ಪೇನ್‌ಗೆ ಹೋದವರದ್ದು ವರ್ಷ ವರ್ಷ ಏರುತ್ತದೆ. ಅಮೆರಿಕದ ಹಿರಿಯರ ಸರ್ಕಾರಿ ಆರೋಗ್ಯ ವಿಮೆ ದೇಶದ ಗಡಿ ದಾಟಿದರೆ ಬಹುತೇಕ ಕೆಲಸಕ್ಕೆ ಬರುವುದಿಲ್ಲ. ಪಿಂಚಣಿ ಏರುತ್ತದೆಯೇ, ಕಾಯಿಲೆ ಬಿದ್ದರೆ ಚಿಕಿತ್ಸೆ ಎಲ್ಲಿ? ಸಾಗರ ದಾಟುವವರು ಕೇಳಿಕೊಳ್ಳಬೇಕಾದ ಈ ಎರಡು ಪ್ರಶ್ನೆಗಳನ್ನು ನೆಲಮಂಗಲ ದಾಟುವವರೂ ಕೇಳಿಕೊಳ್ಳಬೇಕು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಬಾಡಿಗೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಊರು ಆರಿಸಬೇಡಿ. ಆಸ್ಪತ್ರೆ, ನೀರು, ಬಸ್ಸು ಈ ಮೂರನ್ನು ನೋಡಿ ಆರಿಸಿ. ಬಾಡಿಗೆಯಲ್ಲಿ ಉಳಿದದ್ದನ್ನು ಮನೆಖರ್ಚಿಗೆ ಸೇರಿಸದೆ ಚಿಕಿತ್ಸೆಗೆಂದು ಬೇರೆ ಇಡಿ.

ಏರುವ ಪಿಂಚಣಿ, ಏರದ ಪಿಂಚಣಿ

ಸರ್ಕಾರಿ ನೌಕರಿಯ ಹಳೆಯ ಪಿಂಚಣಿ ಇದ್ದವರಿಗೆ ತುಟ್ಟಿಭತ್ಯೆ ಇದೆ. ಬೆಲೆ ಏರಿದಂತೆ ಪಿಂಚಣಿಯೂ ಒಂದಿಷ್ಟು ಏರುತ್ತದೆ. ಖಾಸಗಿ ಕಾರ್ಖಾನೆ, ಗಾರ್ಮೆಂಟ್ಸ್, ಖಾಸಗಿ ಶಾಲೆಗಳಿಂದ ನಿವೃತ್ತರಾದವರಿಗೆ ಬರುವುದು ನೌಕರರ ಪಿಂಚಣಿ ಯೋಜನೆಯ (ಇಪಿಎಸ್-95) ಪಿಂಚಣಿ. ಅದರ ಕನಿಷ್ಠ ಮೊತ್ತ 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಯಾಯಿತು. ಅದಕ್ಕೆ ತುಟ್ಟಿಭತ್ಯೆ ಇಲ್ಲ. ವರ್ಷಕ್ಕೆ ಶೇ 5ರಂತೆ ಬೆಲೆ ಏರಿದರೂ ಹದಿನಾಲ್ಕು ವರ್ಷದಲ್ಲಿ ಎಲ್ಲದರ ಬೆಲೆ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಅರವತ್ತರಲ್ಲಿ ಸಾಕೆನಿಸಿದ ದುಡ್ಡು ಎಪ್ಪತ್ತನಾಲ್ಕರಲ್ಲಿ ಅರ್ಧ ಸಂಸಾರಕ್ಕೂ ಸಾಲುವುದಿಲ್ಲ. ಔಷಧಿ ಹೆಚ್ಚು ಬೇಕಾಗುವುದು ಆ ವಯಸ್ಸಿನಲ್ಲೇ.

ಗಂಟನ್ನು ಎಲ್ಲಿಡುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಅಂಚೆ ಕಚೇರಿ ಅಥವಾ ಬ್ಯಾಂಕಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಶೇ 8.2 ಬಡ್ಡಿ ಇದೆ; 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತದೆ. ಹತ್ತು ಲಕ್ಷ ಇಟ್ಟರೆ ತಿಂಗಳಿಗೆ ಸುಮಾರು 6,833 ರೂಪಾಯಿ. ಅಂಚೆಯ ಮಾಸಿಕ ಆದಾಯ ಯೋಜನೆಗೆ ಶೇ 7.4; ಒಬ್ಬರ ಹೆಸರಿನಲ್ಲಿ 9 ಲಕ್ಷ, ಜಂಟಿಯಾಗಿ 15 ಲಕ್ಷದ ಮಿತಿ. ಊರಲ್ಲಿ ಪರಿಚಯದವರೊಬ್ಬರು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಕೊಡುತ್ತಾರೆಂದು ಕೈಸಾಲ ಕೊಡುವ, ಚೀಟಿ ಕಟ್ಟುವ ಆಸೆ ಹುಟ್ಟುತ್ತದೆ. ದಯವಿಟ್ಟು ಬೇಡ. ದುಡಿಯುವ ವಯಸ್ಸಿನಲ್ಲಿ ಕಳೆದುಕೊಂಡ ದುಡ್ಡನ್ನು ಮತ್ತೆ ಸಂಪಾದಿಸಬಹುದು. ಈ ವಯಸ್ಸಿನಲ್ಲಿ ಆಗುವುದಿಲ್ಲ.

ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಎಲ್ಲ ಪಿಂಚಣಿ ಸೇರಿ 12,000, ಹತ್ತು ಲಕ್ಷದ ಬಡ್ಡಿ 6,800, ಒಟ್ಟು 18,800 ಬರುತ್ತದೆ ಎಂದಿಟ್ಟುಕೊಳ್ಳೋಣ. ನಾನಾದರೆ ಇದನ್ನು ಹೀಗೆ ಹಂಚುತ್ತೇನೆ: ಬಾಡಿಗೆ 6,500 ಮೀರಬಾರದು. ದಿನಸಿ, ಹಾಲು, ತರಕಾರಿ, ಗ್ಯಾಸ್ ಸೇರಿ 6,500. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ, ಪರೀಕ್ಷೆಗಳಿಗೆ 2,000. ಫೋನು, ಬಸ್ಸು, ಕೇಬಲ್, ನೀರಿಗೆ 1,300. ಮದುವೆ, ಗೃಹಪ್ರವೇಶ, ತಿಥಿ, ಮುಯ್ಯಿಗೆ 1,000. ಉಳಿದ 1,500 ಚಿಕಿತ್ಸೆಯ ನಿಧಿಗೆ. ಇವು ಮಾರುಕಟ್ಟೆಯ ದರಗಳಲ್ಲ, ನಾವೇ ಹಾಕಿಕೊಳ್ಳುವ ಮಿತಿಗಳು. ಈ ಬಾಡಿಗೆಗೆ ಮನೆ ಸಿಗದ ಬಡಾವಣೆ ಎಷ್ಟೇ ಚೆನ್ನಾಗಿದ್ದರೂ ನಮ್ಮದಲ್ಲ ಎಂದುಕೊಂಡು ಮುಂದೆ ಹೋಗಬೇಕು. ಮುಯ್ಯಿಯ ಸಾಲನ್ನು ಬೇಕೆಂದೇ ಸೇರಿಸಿದ್ದೇನೆ. ಬೆಂಗಳೂರಿನಲ್ಲಿ ತಪ್ಪಿಸಿಕೊಳ್ಳಬಹುದಾಗಿದ್ದ ಎಷ್ಟೋ ಕಾರ್ಯಗಳಿಗೆ ಊರಲ್ಲಿ ಹೋಗದೆ ಇರಲಾಗುವುದಿಲ್ಲ.

ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯೊಡತಿಗೆ ಬರುತ್ತಿದ್ದರೆ ಸಂತೋಷ. ಆದರೆ ಅದನ್ನು ಮೇಲಿನ ಲೆಕ್ಕಕ್ಕೆ ತರಬೇಡಿ, ನೇರವಾಗಿ ಚಿಕಿತ್ಸೆಯ ನಿಧಿಗೆ ಹಾಕಿ. ಸರ್ಕಾರಗಳು ಬದಲಾಗುತ್ತವೆ, ಯೋಜನೆಗಳೂ ಬದಲಾಗುತ್ತವೆ.

ಯಾವುದು ಅಗ್ಗ, ಯಾವುದು ಅಲ್ಲ

ಸಣ್ಣ ಊರಲ್ಲಿ ಎಲ್ಲವೂ ಅಗ್ಗ ಎಂದು ನಂಬಿ ಬಂದವರು ಮೊದಲ ತಿಂಗಳಲ್ಲೇ ಬೆಚ್ಚುತ್ತಾರೆ. ಎಣ್ಣೆ, ಸೋಪು, ಟೀಪುಡಿ, ಮಾತ್ರೆ, ಫೋನ್ ರೀಚಾರ್ಜ್ ಮೇಲೆ ಅಚ್ಚಾದ ಬೆಲೆ ರಾಜಾಜಿನಗರದಲ್ಲೂ ನಿಟ್ಟೂರಿನಲ್ಲೂ ಒಂದೇ. ನಂದಿನಿ ಹಾಲಿಗೆ 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿದ್ದು ಇಡೀ ರಾಜ್ಯಕ್ಕೆ. ಅದೇ ವರ್ಷದ ಜನವರಿಯಲ್ಲಿ ಸಾರಿಗೆ ಬಸ್ಸಿನ ದರ ಶೇ 15 ಏರಿತು. ರಾಗಿ ನಮ್ಮ ಹೊಲದ ಬೆಳೆ ನಿಜ, ಆದರೆ 2025–26ರ ಬೆಂಬಲ ಬೆಲೆಯೇ ಕ್ವಿಂಟಲಿಗೆ 4,886 ರೂಪಾಯಿ ಇರುವಾಗ ಕೊಂಡು ತಿನ್ನುವವರಿಗೆ ಅದು ಅಗ್ಗದ ಧಾನ್ಯವಾಗಿ ಉಳಿದಿಲ್ಲ. 2025ರಲ್ಲಿ ಕೊಬ್ಬರಿ ಬೆಲೆ ಏರಿದಾಗ ಈ ತೆಂಗಿನ ನಾಡಿನಲ್ಲೇ ಸಾರಿಗೆ ಕಾಯಿ ಹಾಕುವಾಗ ಕೈ ತಡೆಯುವಂತಾಯಿತು.

ನಿಜವಾಗಿ ಉಳಿತಾಯ ಆಗುವುದು ಬಾಡಿಗೆಯಲ್ಲಿ, ಮನೆಗೆಲಸದವರ ಸಂಬಳದಲ್ಲಿ, ಆಟೋದಲ್ಲಿ, ಸೊಪ್ಪು ತರಕಾರಿಯಲ್ಲಿ. ತುಮಕೂರಿನಲ್ಲಿ ಅಂತರಸನಹಳ್ಳಿ ಮಾರುಕಟ್ಟೆಗೆ ಬೆಳಿಗ್ಗೆ ಹೋಗಿ ಎರಡು ಮೂರು ಮನೆಯವರು ಸೇರಿ ತಂದು ಹಂಚಿಕೊಂಡರೆ ಗಾಡಿಯವರ ಬೆಲೆಗಿಂತ ಚೆನ್ನಾಗಿ ಗಿಟ್ಟುತ್ತದೆ. ಗುಬ್ಬಿ, ಕುಣಿಗಲ್‌ನಲ್ಲಿ ಸಂತೆಯ ದಿನ ಸಂಜೆಯ ಹೊತ್ತಿಗೆ ಹೋಗಿ. ಅವರೆಕಾಯಿ ಕಾಲದಲ್ಲಂತೂ ಊರಲ್ಲಿರುವ ಸುಖವೇ ಬೇರೆ.

ಕರೆಂಟಿನ ವಿಷಯಕ್ಕೆ ಒಂದು ಎಚ್ಚರಿಕೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ಬಾಡಿಗೆದಾರರಿಗೂ ಹಕ್ಕಿದೆ, ಆದರೆ ಮನೆಯ ಆರ್.ಆರ್. ಸಂಖ್ಯೆಗೆ ನಿಮ್ಮ ಆಧಾರ್ ಜೋಡಣೆಯಾಗಬೇಕು. ಹಿಂದೆ ಇದ್ದವರ ಜೋಡಣೆ ಬಿಡಿಸದೆ ನಿಮ್ಮದು ಆಗುವುದಿಲ್ಲ. ಅಡ್ವಾನ್ಸ್ ಕೊಡುವ ಮುಂಚೆಯೇ ಇದನ್ನು ಮಾಲೀಕರಲ್ಲಿ ಕೇಳಿ. ಬಿಟ್ಟು ಬಂದ ಬೆಂಗಳೂರಿನ ಮನೆಯ ಜೋಡಣೆಯನ್ನೂ ಸೇವಾಸಿಂಧುವಿನಲ್ಲಿ ಬಿಡಿಸಿಕೊಂಡು ಬನ್ನಿ.

ಭೋಗ್ಯದ ಮನೆ

ಹೆಚ್ಚು ಜನ ಏಟು ತಿನ್ನುವ ಜಾಗ ಇದು, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಪಿಎಫ್ ದುಡ್ಡು ಕೈಗೆ ಬಂದವರಿಗೆ ‘ಆರು ಲಕ್ಷ ಕೊಡಿ, ಮೂರು ವರ್ಷ ಬಾಡಿಗೆ ಇಲ್ಲದೆ ಇರಿ, ಹೋಗುವಾಗ ಪೂರ್ತಿ ವಾಪಸ್’ ಎನ್ನುವ ಮಾತು ಬಹಳ ಹಿಡಿಸುತ್ತದೆ. ಮೊದಲು ಲೆಕ್ಕ ಮಾಡಿ. ಅದೇ ಆರು ಲಕ್ಷ ಹಿರಿಯ ನಾಗರಿಕರ ಯೋಜನೆಯಲ್ಲಿದ್ದರೆ ತಿಂಗಳಿಗೆ 4,100 ರೂಪಾಯಿ ತರುತ್ತದೆ. ಅಂಥದೇ ಮನೆಗೆ ಬಾಡಿಗೆ 6,000 ಇದ್ದರೆ ಭೋಗ್ಯದಿಂದ ನಿಮಗೆ ತಿಂಗಳಿಗೆ 1,900 ಲಾಭ. ಬಾಡಿಗೆ 4,000 ಇದ್ದರೆ ಲಾಭವೇ ಇಲ್ಲ, ಅಪಾಯ ಮಾತ್ರ ನಿಮ್ಮದು.

ಮಾಲೀಕರು ಆ ದುಡ್ಡನ್ನು ಇನ್ನೊಂದು ಮನೆ ಕಟ್ಟಲಿಕ್ಕೋ ಮಗಳ ಮದುವೆಗೋ ಖರ್ಚು ಮಾಡಿರುತ್ತಾರೆ. ಅವಧಿ ಮುಗಿದಾಗ ಹೊಸ ಭೋಗ್ಯದಾರ ಸಿಕ್ಕರಷ್ಟೇ ನಿಮ್ಮ ದುಡ್ಡು ವಾಪಸ್. ಇನ್ನು ಕೆಲವು ಮನೆಗಳ ಮೇಲೆ ಆಗಲೇ ಬ್ಯಾಂಕಿನ ಸಾಲ ಇರುತ್ತದೆ. ಕಂತು ನಿಂತು ಬ್ಯಾಂಕು ಮನೆ ವಶಪಡಿಸಿಕೊಂಡರೆ ನೀವು ಬೀದಿಯಲ್ಲಿ. ಆದ್ದರಿಂದ ಮುಂಗಡ ಕೊಡುವ ಮೊದಲು ಕಾವೇರಿ ತಂತ್ರಾಂಶದಲ್ಲಿ ಆ ಆಸ್ತಿಯ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ. ತೆಗೆಸಿ ನೋಡಿ. ಖಾತೆ ಯಾರ ಹೆಸರಿನಲ್ಲಿದೆಯೋ ಅವರೇ ಸಹಿ ಹಾಕಬೇಕು; ಅವರ ಮಗನೋ ಅಳಿಯನೋ ಹಾಕಿದ್ದು ನಡೆಯುವುದಿಲ್ಲ. ಒಂದು ವರ್ಷ ಮೀರಿದ ಕರಾರು ನೋಂದಣಿ ಆಗಲೇಬೇಕು ಎಂದು 1908ರ ನೋಂದಣಿ ಕಾಯ್ದೆಯೇ ಹೇಳುತ್ತದೆ. ಛಾಪಾ ಕಾಗದದಲ್ಲಿ ಬರೆದು ನೋಟರಿ ಮಾಡಿಸಿದರೆ ಸಾಕು ಎನ್ನುವವರ ಮಾತು ಕೇಳಬೇಡಿ. ಹಣ ಬ್ಯಾಂಕಿನ ಮೂಲಕವೇ ಹೋಗಲಿ. ಎಷ್ಟೇ ಒಳ್ಳೆಯ ಮನೆ ಇರಲಿ, ನಿಮ್ಮ ಗಂಟಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಭೋಗ್ಯಕ್ಕೆ ಹಾಕಬೇಡಿ.

ನಿವೇಶನ ಕೊಳ್ಳುವುದಂತೂ ಒಂದು ವರ್ಷ ಬಾಡಿಗೆಗಿದ್ದು ಊರು ನೋಡಿದ ಮೇಲಿನ ಮಾತು. ಮೆಟ್ರೊ 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಬಂತು. ಅಲ್ಲಿಂದ ತುಮಕೂರಿಗೆ ತರುವ ಮಾತು ನಡೆದಿದೆ, ರೈಲು ಇನ್ನೂ ಬಂದಿಲ್ಲ. ಬಿದರೆಹಳ್ಳ ಕಾವಲಿನಲ್ಲಿ ಎಚ್ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಮೇಲೆ ಗುಬ್ಬಿ ಕಡೆಯ ನಿವೇಶನದ ಜಾಹೀರಾತುಗಳಲ್ಲೆಲ್ಲ ಅದರದೇ ಹೆಸರು. ಮುಂದಿನ ಹದಿನೈದು ವರ್ಷದ ಬೆಲೆ ಏರಿಕೆ ದುಡಿಯುವವರಿಗೆ ಲಾಭ ತಂದೀತು. ಅರವತ್ತೈದರವರಿಗೆ ಬೇಕಿರುವುದು ಈ ತಿಂಗಳ ಔಷಧಿಯ ದುಡ್ಡು. ಕೊಳ್ಳಲೇಬೇಕೆಂದಿದ್ದರೆ ಭೂಪರಿವರ್ತನೆ ಆಗಿದೆಯೇ, ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಇದೆಯೇ, ಇ-ಖಾತೆ ಇದೆಯೇ ನೋಡಿ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1ರಿಂದ ಶೇ 2ಕ್ಕೆ ಏರಿದೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿ.

ಊರ ಮನೆಗೆ ಮರಳುವವರು

ಗುಬ್ಬಿ, ಕುಣಿಗಲ್ ಕಡೆಗೆ ಬರುವವರಲ್ಲಿ ಹಲವರಿಗೆ ಅಪ್ಪನ ಕಾಲದ ಮನೆ, ಒಂದಿಷ್ಟು ತೆಂಗಿನ ತೋಟ ಇರುತ್ತದೆ. ಬಾಡಿಗೆ ಉಳಿಯಿತು ಎಂದು ಗಂಟುಮೂಟೆ ಕಟ್ಟುವ ಮುಂಚೆ ಪಹಣಿ ತೆಗೆಸಿ ನೋಡಿ. ಅದು ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲೇ ಇದ್ದರೆ ಮೊದಲು ಪೌತಿ ಖಾತೆ, ಆಮೇಲೆ ಪಾಲು. ಅಕ್ಕತಂಗಿಯರಿಗೂ ಸಮಪಾಲಿದೆ, ಅವರನ್ನು ಕೂರಿಸಿಕೊಂಡು ಮಾತಾಡದೆ ಮನೆ ರಿಪೇರಿಗೆ ಲಕ್ಷ ಸುರಿಯುವುದು ತಪ್ಪು. ನಲವತ್ತು ವರ್ಷ ತೋಟ ನೋಡಿಕೊಂಡ ತಮ್ಮನ ಮನಸ್ಸಿನಲ್ಲಿ ಏನಿದೆ ಎಂದು ಕೇಳಿ ತಿಳಿದುಕೊಳ್ಳುವುದು ಇನ್ನೂ ಮುಖ್ಯ. ಮರಳಿ ಬಂದ ಅಣ್ಣನಿಗೂ ಊರಲ್ಲೇ ಉಳಿದ ತಮ್ಮನಿಗೂ ಒಂದು ಬಚ್ಚಲು, ಒಂದು ಬೋರ್‌ವೆಲ್ ವಿಷಯಕ್ಕೆ ಮಾತು ನಿಂತುಹೋದ ಮನೆಗಳು ನಮ್ಮ ಸುತ್ತ ಕಡಿಮೆಯಿಲ್ಲ.

ಮಕ್ಕಳು ನೋಡಿಕೊಳ್ಳುತ್ತಾರೆ ಎಂದು ಆಸ್ತಿ ಬರೆದುಕೊಡುವುದಾದರೆ ನೋಡಿಕೊಳ್ಳಬೇಕೆಂಬ ಷರತ್ತನ್ನು ದಾನಪತ್ರದಲ್ಲೇ ಬರೆಸಿ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರ 23ನೇ ಸೆಕ್ಷನ್ ಪ್ರಕಾರ ಷರತ್ತು ಮುರಿದರೆ ಆ ಪತ್ರ ರದ್ದಾಗಬಹುದು. ಈ ಮೂರೂ ತಾಲ್ಲೂಕಿನವರು ಅರ್ಜಿ ಕೊಡಬೇಕಾದದ್ದು ತುಮಕೂರಿನ ಉಪವಿಭಾಗಾಧಿಕಾರಿಗೆ. ಹಿರಿಯರ ಸಹಾಯವಾಣಿ 14567 ಅನ್ನು ಫೋನಿನಲ್ಲಿ ಈಗಲೇ ಉಳಿಸಿಕೊಳ್ಳಿ.

ನೀರು, ಆಸ್ಪತ್ರೆ

ತುಮಕೂರು ನಗರ ಕುಡಿಯುವುದು ಗೊರೂರಿನಿಂದ ನಾಲೆಯಲ್ಲಿ ಬಂದು ಬುಗುಡನಹಳ್ಳಿ ಕೆರೆಯಲ್ಲಿ ನಿಲ್ಲುವ ಹೇಮಾವತಿ ನೀರು. ಆ ನಾಲೆಯ ನೀರಿಗಾಗಿ ಗುಬ್ಬಿಯ ರೈತರಿಗೂ ಕುಣಿಗಲ್‌ನವರಿಗೂ ನಡೆದಿರುವ ಲಿಂಕ್ ಕೆನಾಲ್ ಜಗಳ ಪತ್ರಿಕೆ ಓದುವವರಿಗೆಲ್ಲ ಗೊತ್ತು. ಮನೆ ನೋಡುವಾಗ ನಲ್ಲಿ ವಾರಕ್ಕೆ ಎಷ್ಟು ಸಲ ಬರುತ್ತದೆ, ಸಂಪು ಎಷ್ಟು ದೊಡ್ಡದು, ಬೋರ್‌ವೆಲ್ ಇದೆಯೇ ಎಂದು ಮಾಲೀಕರನ್ನು ಕೇಳಬೇಡಿ, ಪಕ್ಕದ ಮನೆಯವರನ್ನು ಕೇಳಿ. ಮನೆ ನೋಡಲು ಏಪ್ರಿಲ್ ತಿಂಗಳೇ ಸರಿ. ಮಳೆಗಾಲದಲ್ಲಿ ಎಲ್ಲ ಮನೆಯಲ್ಲೂ ನೀರಿರುತ್ತದೆ. ಕುಡಿಯಲು ಐದು ರೂಪಾಯಿ ನಾಣ್ಯ ಹಾಕಿ ಇಪ್ಪತ್ತು ಲೀಟರ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕ ಹತ್ತಿರದಲ್ಲಿದ್ದರೆ ಒಳ್ಳೆಯದು. ಆದರೆ ಆ ಕ್ಯಾನನ್ನು ಎಪ್ಪತ್ತರ ವಯಸ್ಸಿನಲ್ಲಿ ಎರಡನೇ ಮಹಡಿಗೆ ಹೊರುವವರು ಯಾರು ಎಂದೂ ಯೋಚಿಸಿ. ನೆಲಮಹಡಿಯ ಮನೆಗೆ ಐನೂರು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಆಸ್ಪತ್ರೆಯ ವಿಷಯದಲ್ಲಿ ಮೂರು ಊರುಗಳ ನಡುವೆ ದೊಡ್ಡ ಅಂತರವಿದೆ. ತುಮಕೂರಿನಲ್ಲಿ ಜಿಲ್ಲಾಸ್ಪತ್ರೆ ಇದೆ. ಸಿದ್ಧಾರ್ಥ ಮತ್ತು ಸಿದ್ಧಗಂಗಾ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಗುಬ್ಬಿ, ಕುಣಿಗಲ್‌ನಲ್ಲಿ ತಾಲ್ಲೂಕು ಆಸ್ಪತ್ರೆಗಳು. ಗುಬ್ಬಿಯಿಂದ ತುಮಕೂರು ಸುಮಾರು 20 ಕಿ.ಮೀ. ಕುಣಿಗಲ್‌ನವರಿಗೆ ತುಮಕೂರು, ಬೆಂಗಳೂರು, ಇಲ್ಲವೇ ಹಾಸನ ರಸ್ತೆಯಲ್ಲಿ ಬೆಳ್ಳೂರಿನ ಬಳಿ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಆಸ್ಪತ್ರೆ. ಎದೆನೋವು, ಪಾರ್ಶ್ವವಾಯುವಿಗೆ ಈ ದೂರದ ಒಂದೊಂದು ನಿಮಿಷವೂ ಬೆಲೆಯುಳ್ಳದ್ದು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ಗರಿಷ್ಠ 1.5 ಲಕ್ಷದವರೆಗೆ ನೆರವಿದೆ. ತುರ್ತು ಸಂದರ್ಭ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ಅವರು ಬರೆದುಕೊಟ್ಟ ಮೇಲೆ ಖಾಸಗಿ. ಜಿಲ್ಲಾಸ್ಪತ್ರೆ ಹತ್ತಿರ ಇರುವುದರ ಬೆಲೆ ಇಲ್ಲಿ ಗೊತ್ತಾಗುತ್ತದೆ. ಕಾರ್ಖಾನೆಯಲ್ಲಿ ಇಎಸ್ಐ ಇದ್ದವರಿಗೆ ಇನ್ನೊಂದು ಸೌಲಭ್ಯವಿದೆ, ಬಹಳ ಮಂದಿಗೆ ಇದು ತಿಳಿದೇ ಇಲ್ಲ: ಕನಿಷ್ಠ ಐದು ವರ್ಷ ವಿಮೆಯಲ್ಲಿದ್ದು ವಯೋನಿವೃತ್ತಿಯಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆ ಮುಂದುವರಿಸಬಹುದು. ತುಮಕೂರು ರಸ್ತೆಯವರಿಗೆ ಪೀಣ್ಯದ ಇಎಸ್ಐ ಆಸ್ಪತ್ರೆಗೆ ಬೆಂಗಳೂರಿನ ಒಳಗೆ ನುಗ್ಗದೆ ಹೋಗಬಹುದು.

ಖಾಸಗಿ ಆರೋಗ್ಯ ವಿಮೆ ಇದ್ದರೆ ಊರು ಬಿಡುವ ಭರದಲ್ಲಿ ನಿಲ್ಲಿಸಬೇಡಿ. ವೈಯಕ್ತಿಕ ಪಾಲಿಸಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ. ಹಿರಿಯರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿಗಳು ವಿಮಾ ನಿಯಂತ್ರಣ ಪ್ರಾಧಿಕಾರದ ಜತೆ ಮೊದಲೇ ಮಾತಾಡಬೇಕು. ಕೆಲವು ಪಾಲಿಸಿಗಳಲ್ಲಿ ಸಣ್ಣ ಊರಿನ ವಿಳಾಸ ಕೊಟ್ಟರೆ ಪ್ರೀಮಿಯಂ ಇಳಿಯುತ್ತದೆ, ಆದರೆ ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆದಾಗ ಬಿಲ್ಲಿನ ಒಂದು ಪಾಲನ್ನು ನೀವೇ ಕಟ್ಟಬೇಕಾಗುತ್ತದೆ. ದೊಡ್ಡ ಕಾಯಿಲೆಗೆ ಜಯದೇವ, ಕಿದ್ವಾಯಿ, ನಿಮ್ಹಾನ್ಸ್ ಇರುವುದು ಬೆಂಗಳೂರಿನಲ್ಲೇ. ವಿಳಾಸ ಬದಲಿಸುವ ಮುಂಚೆ ಈ ಷರತ್ತು ಓದಿಸಿಕೊಳ್ಳಿ.

ಹಾಗಾದರೆ ಯಾವ ಊರು

ಒಬ್ಬರೇ ಇರುವವರು, ಹೃದಯದ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಬಂಧುಗಳ ಆಸರೆ ಇಲ್ಲದವರು ಬಾಡಿಗೆ ಹೆಚ್ಚಾದರೂ ತುಮಕೂರು ನಗರದಲ್ಲೇ ಇರಿ ಎಂದು ನಾನು ಹೇಳುತ್ತೇನೆ. ಸೋಮೇಶ್ವರಪುರ, ಅಶೋಕನಗರದಂಥ ಬಡಾವಣೆಗಳು ದುಬಾರಿ; ಕ್ಯಾತ್ಸಂದ್ರ, ಮರಳೂರು, ಉಪ್ಪಾರಹಳ್ಳಿ ಕಡೆ ವಿಚಾರಿಸಿ. ಬೆಳಿಗ್ಗೆ ನಡೆಯಲು ಅಮಾನಿಕೆರೆ ಇದೆ, ಸಂಜೆ ಒಂದು ನಾಟಕಕ್ಕೆ ಗುಬ್ಬಿ ವೀರಣ್ಣ ಕಲಾಕ್ಷೇತ್ರ ಇದೆ, ಮನಸ್ಸಿಗೆ ಬಂದಾಗ ಸಿದ್ಧಗಂಗೆಗೆ ಹೋಗಿ ಬರಬಹುದು. ಒಂಟಿಯಾಗಿ ಬದುಕುವ ಹಿರಿಯರಿಗೆ ಇವೂ ಔಷಧಿಯೇ.

ಗುಬ್ಬಿ 2011ರ ಜನಗಣತಿಯಲ್ಲಿ ಇಪ್ಪತ್ತು ಸಾವಿರವೂ ಇರದಿದ್ದ ಪಟ್ಟಣ. ಬೆಂಗಳೂರು–ಅರಸೀಕೆರೆ ಮಾರ್ಗದ ರೈಲು, ಶಿವಮೊಗ್ಗ ರಸ್ತೆಯ ಬಸ್ಸು ಎರಡೂ ಇರುವುದರಿಂದ ಆಸ್ಪತ್ರೆಗೆ, ಬ್ಯಾಂಕಿಗೆ ತುಮಕೂರು ಕೈಗೆಟುಕುತ್ತದೆ. ಆರೋಗ್ಯ ಗಟ್ಟಿಯಾಗಿರುವ ದಂಪತಿಗೆ, ಊರಲ್ಲಿ ಬಳಗ ಇದ್ದವರಿಗೆ ಕಡಿಮೆ ಖರ್ಚಿನಲ್ಲಿ ಬದುಕಲು ಮೂರರಲ್ಲಿ ನನ್ನ ಮೊದಲ ಆಯ್ಕೆ ಇದು. ಕುಣಿಗಲ್ ಹೊಂದುವುದು ಮಕ್ಕಳು ಬೆಂಗಳೂರಿನಲ್ಲೋ ಹಾಸನದಲ್ಲೋ ಇರುವವರಿಗೆ. ಊರು ಮಂಗಳೂರು ಹೆದ್ದಾರಿಯ ಮೇಲಿದೆ, ಬೆಂಗಳೂರು–ಹಾಸನ ರೈಲು ಮಾರ್ಗ 2017ರಲ್ಲಿ ಪೂರ್ತಿಯಾಗಿದೆ. ಯಡಿಯೂರು, ಹುಲಿಯೂರುದುರ್ಗದ ಕಡೆಯವರಿಗೆ ಅದು ತವರೇ. ಹೆದ್ದಾರಿಯ ಅಂಚಿನ ಮನೆಗಳಲ್ಲಿ ಬಾಡಿಗೆ ಹೆಚ್ಚು, ಸದ್ದೂ ಹೆಚ್ಚು. ಕೆರೆಯ ಕಡೆಯ ಬೀದಿಗಳಲ್ಲಿ ಹುಡುಕಿ.

ಓಡಾಟಕ್ಕೆ ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಇದೆ. ಅರವತ್ತು ದಾಟಿದ ಗಂಡಸರಿಗೆ ಗುರುತಿನ ಚೀಟಿ ತೋರಿಸಿದರೆ ಕೆಎಸ್ಆರ್‌ಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಶೇ 25 ರಿಯಾಯಿತಿ. ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತದ್ದು ಮತ್ತೆ ಬಂದಿಲ್ಲ.

ಕಾಗದಪತ್ರದ ಕೆಲಸ ಮೊದಲಿಗಿಂತ ಹಗುರವಾಗಿದೆ. ಇಪಿಎಸ್ ಪಿಂಚಣಿಯನ್ನು 2025ರ ಜನವರಿಯಿಂದ ದೇಶದ ಯಾವ ಬ್ಯಾಂಕ್ ಶಾಖೆಯಲ್ಲಾದರೂ ಪಡೆಯಬಹುದು. ಪಿಂಚಣಿ ಪಾವತಿ ಆದೇಶ (ಪಿಪಿಒ) ವರ್ಗಾಯಿಸಲು ಅಲೆಯಬೇಕಿಲ್ಲ. ಹಿರಿಯ ನಾಗರಿಕರ ಉಳಿತಾಯ ಖಾತೆಯನ್ನು ಹೊಸ ಊರಿನ ಅಂಚೆ ಕಚೇರಿಗೆ ವರ್ಗಾಯಿಸಿಕೊಳ್ಳಿ. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದವರು ಏಪ್ರಿಲ್‌ನಲ್ಲೇ ಅದನ್ನು ತಿಳಿಸುವ ಸ್ವಯಂ ಘೋಷಣೆಯ ಅರ್ಜಿ ಕೊಟ್ಟರೆ ಬಡ್ಡಿಯಲ್ಲಿ ತೆರಿಗೆ ಕಡಿತ ಆಗುವುದಿಲ್ಲ. ಆಧಾರ್ ವಿಳಾಸವನ್ನು ಬಂದ ತಿಂಗಳಲ್ಲೇ ಬದಲಿಸಿ, ಮತದಾರರ ಪಟ್ಟಿಗೆ ನಮೂನೆ 8 ಕೊಡಿ, ಗ್ಯಾಸ್ ಸಂಪರ್ಕ ವರ್ಗಾಯಿಸಿಕೊಳ್ಳಿ. ಪಡಿತರ ಚೀಟಿಯನ್ನು ಮಾತ್ರ ರದ್ದು ಮಾಡಿಸಿ ಹೊಸದು ಮಾಡಿಸುತ್ತೇನೆಂದು ಹೊರಡಬೇಡಿ. ಇರುವ ಚೀಟಿಯ ವಿಳಾಸವನ್ನಷ್ಟೇ ತಿದ್ದಿಸಿ. ಜೀವನ ಪ್ರಮಾಣಪತ್ರವನ್ನು ಫೋನಿನಲ್ಲಿ ಮುಖ ತೋರಿಸಿ ಮನೆಯಿಂದಲೇ ಕೊಡಬಹುದು. ಕಣ್ಣು ಮಂಜಾದವರು, ಫೋನ್ ಒಗ್ಗದವರು ಅಂಚೆ ಕಚೇರಿಗೆ ತಿಳಿಸಿದರೆ ಅಂಚೆಯವರು ಮನೆಗೇ ಬಂದು ಮಾಡಿಕೊಡುತ್ತಾರೆ.